ಪರದೇಶದ ಪುಸ್ತಕದಂಗಡಿಯಲ್ಲಿ

ದಕ್ಷಿಣ ಕನ್ನಡದ ಗುರುವಾಯನಕೆರೆ ನಾಲ್ಕು ದಾರಿಗಳು ಕೂಡುವ ಊರು. ಒಂದು ದಾರಿ ಬಂಟ್ವಾಳದ ಮೇಲೆ ಹಾಯ್ದು ಮಂಗಳೂರಿಗೆ ಹೋಗುವುದು. ಒಂದು ಬೆಳ್ತಂಗಡಿ, ಉಜಿರೆಗಳನ್ನು ದಾಟಿ ಚಾರ್ಮಾಡಿಯ ಘಟ್ಟವನ್ನು ಏರುವುದು. ಒಂದು ವೇಣೂರಿಗೆ, ಅಲ್ಲಿಂದ ಮುಂದೆ ಮೂಡುಬಿದಿರೆಗೆ. ಇನ್ನೊಂದು ಉಪ್ಪಿನಂಗಡಿಯ ಕಡೆಗೆ. ದಾರಿಗಳು ನಾಲ್ಕಿದ್ದರೂ, ನಾನು ಹುಡುಗನಾಗಿದ್ದಾಗ ಊರು ಬಿಟ್ಟು ಹೊರಡುವವರಿಗೆ ಇದ್ದುದು ಒಂದೇ ದಾರಿ: ಮುಂಬಯಿಯ ದಾರಿ. ಹೋದವರು ಮನೆಗೆ ಕಾಗದ ಬರೆಯುತ್ತಿದ್ದರು. ಆ ಕಾಗದಗಳಲ್ಲಿ ಕ್ಷೇಮಸಮಾಚಾರವಿರುತ್ತಿತ್ತು; ಮಳೆಯ ವಿಚಾರ, ಅಡಕೆಯ ಧಾರಣೆಯ ವಿಚಾರ, ದೈವದ ಕೋಲಕ್ಕೆ ಬರಲಾಗಲಿಲ್ಲವೆಂಬ ವ್ಯಥೆ, ಎಲ್ಲವೂ ಇರುತ್ತಿದ್ದುವು. ಮಾಡುವ ಕೆಲಸ ಯಾವುದು, ಸಂಬಳ ಎಷ್ಟು, ಎಂಬ ಎರಡು ಸಂಗತಿಗಳು ಮಾತ್ರ ಇರುತ್ತಿರಲಿಲ್ಲ.

ಈ ಹೊತ್ತು ಆ ಎರಡು ಸಂಗತಿಗಳನ್ನೇ ತಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಕೆಲಸ: ಲಂಡನ್ ನಗರದಲ್ಲಿ ಒಂದು ಹಳೆಯ ಪುಸ್ತಕದ ಅಂಗಡಿಯ ಚಾಕರಿ. ಸಂಬಳ: ಗಂಟೆಗೆ ೫ ಪೌಂಡು ೫ ಪೆನ್ಸು. ಇದಕ್ಕಿಂತ ಕಡಮೆ ಕೊಟ್ಟರೆ ಆ ದೇಶದ ಕಾಯಿದೆ ಒಪ್ಪುತ್ತಿರಲಿಲ್ಲ. ಅಲ್ಲಿ ಕನಿಷ್ಠ ವೇತನದ ಕಾನೂನು ಜಾರಿಗೆ ಬಂದುದು ೧೯೯೯ರ ಏಪ್ರಿಲ್ ೧ರಂದು. ಆಗ ಅದು ಗಂಟೆಗೆ ೩ ಪೌಂಡು ೬೦ ಪೆನ್ಸು ಇದ್ದಿತು. ಏರುತ್ತ ಏರುತ್ತ ೨೦೦೫ರ ಅಕ್ಟೋಬರಿಗೆ ನಾನು ಹೇಳಿದ ಮೊತ್ತಕ್ಕೆ ಬಂದಿತ್ತು. ನಾನು ಆ ದೇಶದಲ್ಲಿ ಇಳಿದುದು ಅದಕ್ಕೆ ಒಂದು ತಿಂಗಳು ಮುಂಚೆ.

ಹೋದುದು ಓದುವುದಕ್ಕೆ. ವಾಣಿಜ್ಯಶಾಸ್ತ್ರದಲ್ಲಿ ಒಂದು ವರ್ಷದ ಮೇಲ್ದರ್ಜೆಯ ವ್ಯಾಸಂಗ. ತಂದೆಯವರು ಅಡಕೆತೋಟದ ಪತ್ರವನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತೆಗೆದರು. ನಾನು ಒಂದು ಹಾಳೆಯ ಮೇಲೆ ಲೆಕ್ಕ ಬರೆದು ಅವರಿಗೆ ತೋರಿಸಿದ್ದೆ: ಇಷ್ಟು ಗಂಟೆ ಕೆಲಸ, ಇಷ್ಟು ಪೌಂಡು, ಪೌಂಡಿಗೆ ಎಂಬತ್ತು ರೂಪಾಯಿಯ ಆಸುಪಾಸು, ಆದುದರಿಂದ ಎರಡು ವರ್ಷಗಳಲ್ಲಿ ಸಾಲ ಪರಿಹಾರ. ಗುಣಾಕಾರದಲ್ಲಿ ತಪ್ಪೇನೂ ಇರಲಿಲ್ಲ. ಬರುವ ಹಣವನ್ನು ರೂಪಾಯಿಯಲ್ಲಿ ಬರೆದಿದ್ದೆ. ಆಗುವ ಖರ್ಚನ್ನು ಪೌಂಡಿನಲ್ಲಿ ಬರೆಯುವುದನ್ನು ಮರೆತಿದ್ದೆ. ಪರದೇಶಕ್ಕೆ ಹೊರಟ ಎಷ್ಟೋ ಮಂದಿಯ ಲೆಕ್ಕದ ಹಾಳೆ ಹೀಗೆಯೇ ಇರುವುದೆಂದು ಆಮೇಲೆ ತಿಳಿಯಿತು.

ಆಗಿನ ನಿಯಮದಂತೆ, ಪಾಠಗಳು ನಡೆಯುವ ಕಾಲದಲ್ಲಿ ವಿದ್ಯಾರ್ಥಿಯು ವಾರಕ್ಕೆ ೨೦ ಗಂಟೆಗಿಂತ ಹೆಚ್ಚು ಕೆಲಸಮಾಡುವಂತಿರಲಿಲ್ಲ. ಇಪ್ಪತ್ತು ಗಂಟೆಗೆ ೧೦೧ ಪೌಂಡು. ಊರಿನ ಪೂರ್ವಭಾಗದಲ್ಲಿ ಒಂದು ಕೋಣೆಗೆ ವಾರಕ್ಕೆ ೬೫ ಪೌಂಡು ಬಾಡಿಗೆ. ಉಳಿದ ೩೬ ಪೌಂಡುಗಳಲ್ಲಿ ಅನ್ನ, ಬಸ್ಸು, ಬಟ್ಟೆ, ಊರಿಗೆ ದೂರವಾಣಿ. ಸಾಲದ ಕಂತಿಗೆ ಉಳಿಯುವುದೆಷ್ಟೆಂದು ಶ್ರೋತೃಗಳೇ ಊಹಿಸಬಹುದು. ಆದರೆ ಈ ಲೆಕ್ಕವೂ ಕೆಲಸ ಸಿಕ್ಕಿದ ಮೇಲಿನ ಮಾತು. ಮೊದಲು ಕೆಲಸ ಸಿಕ್ಕಬೇಕಷ್ಟೆ.

ಕಚೇರಿಗಳಿಗೆ ಅರ್ಜಿ ಹಾಕಿದೆನು. ವಾರಕ್ಕೆ ಇಪ್ಪತ್ತೇ ಗಂಟೆ ಬರುವವನು ಅವರಿಗೆ ಬೇಕಾಗಿರಲಿಲ್ಲ. ಅಂಗಡಿಗಳನ್ನು ಹತ್ತಿ ಇಳಿದೆನು. ಎಲ್ಲರೂ ನಯವಾಗಿ ಮಾತನಾಡಿ, ಹೆಸರು ಬರೆದುಕೊಂಡು, ತಿಳಿಸುತ್ತೇವೆ ಎಂದರು. ತಿಳಿಸುತ್ತೇವೆ ಎಂದರೆ ಇಲ್ಲವೆಂದು ಅರ್ಥ. ಆ ದೇಶದ ಭಾಷೆಯಲ್ಲಿ ನಾನು ಕಲಿತ ಮೊದಲನೆಯ ಪಾಠ ಅದು. ಒಂದು ದೊಡ್ಡ ಮಳಿಗೆಯಲ್ಲಿ ಮೂರು ದಿವಸ ಪೆಟ್ಟಿಗೆ ಹೊರಿಸಿ, ಇದು ಪರೀಕ್ಷೆ ಮಾತ್ರ, ಸಂಬಳವಿಲ್ಲ ಎಂದು ಕಳುಹಿಸಿಬಿಟ್ಟರು. ಅಕ್ಟೋಬರು ಮುಗಿದು ನವಂಬರು ಬಂದಿತು. ನಾಲ್ಕು ಗಂಟೆಗೇ ಕತ್ತಲಾಗುವ ಕಾಲ, ಜೊತೆಗೆ ಮಳೆ. ನಮ್ಮ ಆಷಾಢದ ಮಳೆಯಂತೆ ಗುಡುಗಿ ಸುರಿದು ಬಿಡುವ ಮಳೆಯಲ್ಲ; ಸಾಲಗಾರನಂತೆ ಬಾಗಿಲಲ್ಲಿಯೇ ನಿಲ್ಲುವ ಮಳೆ.

ಚಾರಿಂಗ್ ಕ್ರಾಸ್ ರಸ್ತೆಯೆಂಬುದು ಲಂಡನ್ನಿನಲ್ಲಿ ಪುಸ್ತಕದ ಅಂಗಡಿಗಳಿಗೆ ಬಹುಕಾಲದಿಂದ ಹೆಸರಾದ ಬೀದಿ. ಅದರ ಸಮೀಪದ ಒಂದು ಸಂದಿಯಲ್ಲಿ, ಅಂಥ ಮಳೆಯ ಒಂದು ಸಂಜೆ, ಒಂದು ಹಳೆಯ ಪುಸ್ತಕದ ಅಂಗಡಿಯ ಒಳಕ್ಕೆ ಹೊಕ್ಕೆನು. ಕೆಲಸ ಕೇಳಬೇಕೆಂಬ ಉದ್ದೇಶವೂ ಇರಲಿಲ್ಲ, ನೆನೆಯಬಾರದೆಂಬುದೊಂದೇ ಉದ್ದೇಶ. ಯಜಮಾನರು ವೃದ್ಧರು. ಮೇಜಿನ ಮೇಲೆ ನಾಲ್ಕು ದಪ್ಪ ಪುಸ್ತಕಗಳನ್ನು ಇಟ್ಟುಕೊಂಡು ಕಂದು ಕಾಗದದಲ್ಲಿ ಕಟ್ಟಲು ಹೆಣಗುತ್ತಿದ್ದರು. ಕೈ ಸ್ವಲ್ಪ ನಡುಗುತ್ತಿತ್ತು. ಹುರಿ ಜಾರುತ್ತಿತ್ತು. ನೋಡಿ ಸುಮ್ಮನಿರಲಾರದೆ, ನಾನು ಕಟ್ಟಬಹುದೇ ಎಂದು ಕೇಳಿದೆನು.

ಗುರುವಾಯನಕೆರೆಯಲ್ಲಿ ನನ್ನ ಸೋದರಮಾವನದು ಜೀನಸಿನ ಅಂಗಡಿ. ಶಾಲೆಗೆ ರಜೆ ಬಂದಾಗಲೆಲ್ಲ ಅಲ್ಲಿ ಪೊಟ್ಟಣ ಕಟ್ಟುವುದು ನನ್ನ ಪಾಲಿನ ಕೆಲಸ. ಹುರಿಯನ್ನು ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ತಂದು, ಜಾರುಗಂಟು ಹಾಕಿ, ಬೆರಳಿಗೆ ಒಂದು ಕುಣಿಕೆ ಸುತ್ತಿ ಚಟಕ್ಕನೆ ಎಳೆದರೆ ಹುರಿ ತಾನಾಗಿ ತುಂಡಾಗುವುದು, ಕತ್ತರಿ ಬೇಕಿಲ್ಲ. ನಮ್ಮ ಕಡೆಯ ಯಾವ ಅಂಗಡಿಯ ಹುಡುಗನಿಗೂ ಬರುವ ವಿದ್ಯೆ. ನಾನು ಹಾಗೆಯೇ ಮಾಡಿದೆನು. ಯಜಮಾನರು ಕಟ್ಟನ್ನು ನೋಡಿದರು. ಅದನ್ನು ಹುರಿಯಿಂದ ಎತ್ತಿ ಅಲ್ಲಾಡಿಸಿದರು. ತುಂಡಾದ ಹುರಿಯ ತುದಿಯನ್ನು ಕನ್ನಡಕವೇರಿಸಿ ನೋಡಿದರು. “ಇದನ್ನು ಎಲ್ಲಿ ಕಲಿತಿರಿ?” ಎಂದರು. ಹೇಳಿದೆನು. “ಶನಿವಾರ ಬರಬಲ್ಲಿರಾ?” ಎಂದರು. ನನ್ನ ಪದವಿಯ ಪತ್ರಗಳು ಚೀಲದಲ್ಲಿ ಇದ್ದುವು. ಅವನ್ನು ಅವರು ಕೇಳಲೂ ಇಲ್ಲ, ನಾನು ತೋರಿಸಲೂ ಇಲ್ಲ. ಪರದೇಶದಲ್ಲಿ ನನಗೆ ಅನ್ನ ಕೊಟ್ಟ ವಿದ್ಯೆ ವಿಶ್ವವಿದ್ಯಾನಿಲಯದಲ್ಲಿ ಕಲಿತದ್ದಲ್ಲ; ಮಾವನ ಅಂಗಡಿಯ ಜಗಲಿಯಲ್ಲಿ ಕಲಿತದ್ದು.

ಹಳೆಯ ಪುಸ್ತಕದ ಅಂಗಡಿಯ ಕೆಲಸವೆಂದರೆ ಕುಳಿತು ಪುಸ್ತಕ ಓದುವುದೆಂದು ಹಲವರು ತಿಳಿದಿದ್ದಾರೆ. ಅದು ಮುಖ್ಯವಾಗಿ ಹೊರುವ ಕೆಲಸ. ಯಾರೋ ಒಬ್ಬರು ತೀರಿಕೊಂಡಿರುತ್ತಾರೆ, ಮಕ್ಕಳು ಮನೆಯನ್ನು ಖಾಲಿಮಾಡಬೇಕು, ಅಂಗಡಿಗೆ ಹೇಳಿಕಳುಹಿಸುತ್ತಾರೆ. ಮೂರನೆಯ ಮಹಡಿಯಿಂದ ಹತ್ತಾರು ಪೆಟ್ಟಿಗೆ ಪುಸ್ತಕಗಳನ್ನು ಇಳಿಸಬೇಕು. ಮೊದಲ ಹಾಳೆಗಳಲ್ಲಿ ಹೆಸರುಗಳು, ಶಾಲೆಯ ಬಹುಮಾನದ ಚೀಟಿಗಳು, ಮದುವೆಯ ಉಡುಗೊರೆಯ ಒಕ್ಕಣೆಗಳು. ಕೆಲವು ಪುಸ್ತಕಗಳ ರಟ್ಟಿನ ಒಳಮೈಯಲ್ಲಿ ಮದರಾಸಿನ ಹಿಗಿನ್‌ಬಾಥಮ್ಸ್ ಅಂಗಡಿಯ ಪುಟ್ಟ ಚೀಟಿ ಅಂಟಿರುತ್ತಿತ್ತು. ೧೮೪೪ರಲ್ಲಿ ಹುಟ್ಟಿದ ಆ ಅಂಗಡಿಯಿಂದ ಯಾವ ಅಧಿಕಾರಿ ಕೊಂಡು, ಯಾವ ಹಡಗಿನಲ್ಲಿ ತಂದನೋ! ಹೀಗೆ ತಂದ ಪುಸ್ತಕಗಳ ಧೂಳು ಒರೆಸಿ, ಪುಟಗಳೆಲ್ಲ ಇವೆಯೇ, ಚಿತ್ರಗಳು ಹರಿದಿಲ್ಲವೇ ಎಂದು ಒಂದೊಂದಾಗಿ ಎಣಿಸಿ, ಮೊದಲ ಹಾಳೆಯ ಮೂಲೆಯಲ್ಲಿ ಸೀಸದ ಕಡ್ಡಿಯಿಂದ ಬೆಲೆ ಬರೆಯಬೇಕು. ಶಾಯಿಯಲ್ಲಿ ಬರೆಯಕೂಡದು. ಪುಸ್ತಕ ನಮ್ಮದಲ್ಲ, ನಮ್ಮ ಮೂಲಕ ಹಾದುಹೋಗುವಂಥದು, ಎಂಬುದು ಯಜಮಾನರ ಮಾತು.

ಸಂಬಳ ಏಕೆ ಕಡಮೆಯೆಂಬುದನ್ನೂ ಹೇಳಬೇಕು. ಯಜಮಾನರು ಲೋಭಿಗಳಲ್ಲ. ಆ ದೇಶದಲ್ಲಿ ೧೯೦೦ರಿಂದ ಒಂದು ಒಡಂಬಡಿಕೆ ನಡೆದುಬಂದಿತ್ತು: ಪ್ರಕಾಶಕರು ಗೊತ್ತುಮಾಡಿದ ಬೆಲೆಗಿಂತ ಕಡಮೆಗೆ ಹೊಸ ಪುಸ್ತಕವನ್ನು ಯಾರೂ ಮಾರಬಾರದು. ಅದರ ಆಶ್ರಯದಲ್ಲಿ ಸಣ್ಣ ಅಂಗಡಿಗಳು ಬದುಕಿದ್ದುವು. ೧೯೯೫ರಲ್ಲಿ ದೊಡ್ಡ ಪ್ರಕಾಶಕರು ಅದನ್ನು ಕೈಬಿಟ್ಟರು. ೧೯೯೭ರಲ್ಲಿ ನ್ಯಾಯಸ್ಥಾನವೂ ಅದು ಸಾಧುವಲ್ಲವೆಂದಿತು. ತರಕಾರಿ ಮಾರುವ ಭಾರಿ ಮಳಿಗೆಗಳು ಪುಸ್ತಕವನ್ನೂ ಸೋವಿಯಾಗಿ ಮಾರತೊಡಗಿದುವು. ಅದೇ ಕಾಲಕ್ಕೆ ಅಂತರ್ಜಾಲವೂ ಬಂದಿತು. ಹಳೆಯ ಪುಸ್ತಕದ ವ್ಯಾಪಾರಿಯ ಬಂಡವಾಳವೆಂದರೆ ಅವನೊಬ್ಬನಿಗೇ ತಿಳಿದ ಬೆಲೆ. ಅಂತರ್ಜಾಲದಲ್ಲಿ ಎಲ್ಲರ ಬೆಲೆಯೂ ಎಲ್ಲರಿಗೂ ಕಾಣುವಂತಾದ ಮೇಲೆ ಆ ಬಂಡವಾಳ ಕರಗಿತು. ಕಟ್ಟಡದ ಬಾಡಿಗೆ ಮಾತ್ರ ಏರುತ್ತಲೇ ಇದ್ದಿತು. ನನ್ನ ಸಂಬಳದ ಹಿಂದೆ ಇದ್ದ ಅರ್ಥಶಾಸ್ತ್ರ ಇಷ್ಟೆ. ವಿಶ್ವವಿದ್ಯಾನಿಲಯದಲ್ಲಿ ಕಲಿತುದಕ್ಕಿಂತ ಇದನ್ನು ಚೆನ್ನಾಗಿ ಕಲಿತೆನು.

ಇನ್ನು ಮನೆಯ ವಿಚಾರ. ಕೆಲಸ ಸಿಕ್ಕಿತೆಂದು ದೂರವಾಣಿಯಲ್ಲಿ ಹೇಳಿದಾಗ ತಂದೆಯವರು, ಎಲ್ಲಿ, ಎಂದು ಕೇಳಿದರು. ಒಂದು ಕಂಪೆನಿಯಲ್ಲಿ ಎಂದೆನು. ಯಾವ ಕಂಪೆನಿ ಎಂದು ಅವರು ಕೇಳಲಿಲ್ಲ. ಮಾರನೆಯ ದಿವಸವೇ ಆ ಮಾತು ಗುರುವಾಯನಕೆರೆಯ ಬಸ್ಸಿನ ನಿಲ್ದಾಣದಿಂದ ಬೆಳ್ತಂಗಡಿಯ ಪೇಟೆಯವರೆಗೆ ಹೋಗಿರಬೇಕು. ನನ್ನ ತಾಯಿಗೆ ಮದುವೆಯ ಮನೆಗಳಲ್ಲಿ ಮುಂದಿನ ಸಾಲಿನ ಮರ್ಯಾದೆ ಸಿಕ್ಕುತ್ತಿದೆಯೆಂದು ತಂಗಿ ಹೇಳಿದಳು. ಸುಳ್ಳು ಹೇಳಿದ್ದು ನಾನು ಒಂದೇ ಸಲ. ಅದನ್ನು ಸಾಕಿದ್ದು ಮಾತ್ರ ನಾಲ್ಕು ತಿಂಗಳು.

೨೦೦೬ರ ಮಾರ್ಚಿ ತಿಂಗಳಲ್ಲಿ ಒಂದು ದಿವಸ ನೆಲಮಾಳಿಗೆಯಲ್ಲಿ ಕುಳಿತು ಒಂದು ದೊಡ್ಡ ಪುಸ್ತಕದ ಪುಟಗಳನ್ನು ಎಣಿಸುತ್ತಿದ್ದೆ. ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು ಭಾರತದ ಮತ್ತು ಪೂರ್ವದೇಶಗಳ ವಾಸ್ತುಶಿಲ್ಪದ ಚರಿತ್ರೆಯನ್ನು ಕುರಿತು ಬರೆದು ೧೮೭೬ರಲ್ಲಿ ಅಚ್ಚಾದ ಗ್ರಂಥವದು. ಈತ ಮೊದಲಿಗೆ ವಿದ್ವಾಂಸನಲ್ಲ. ಹೊಟ್ಟೆಪಾಡಿಗೆ ಕಲ್ಕತ್ತೆಗೆ ಬಂದು ನೀಲಿಯ ವ್ಯಾಪಾರದಲ್ಲಿ ಹಣ ಮಾಡಿದವನು. ಅವನೂ ಒಂದು ಕಾಲಕ್ಕೆ ಪರದೇಶದಲ್ಲಿ ಚಾಕರಿ ಹುಡುಕಿದವನೇ. ಅವನು ಬಂದ ದಿಕ್ಕು ನಾನು ಹೋದುದಕ್ಕೆ ಎದುರು, ಅಷ್ಟೆ. ಪುಸ್ತಕದ ತುಂಬ ನೂರಾರು ಚಿತ್ರಗಳು. ಎಣಿಸುವವನು ಓದಕೂಡದು, ಓದಿದರೆ ಎಣಿಕೆ ತಪ್ಪುವುದು. ಜೈನರ ಕಟ್ಟಡಗಳ ಭಾಗಕ್ಕೆ ಬಂದಾಗ ಮೂಡುಬಿದಿರೆಯ ಬಸದಿಯ ಚಿತ್ರ ಕಂಡಿತು. ನಮ್ಮ ಮಳೆನಾಡಿನ ಇಳಿಜಾರು ಮಾಡುಗಳು ನೇಪಾಳದ ಮಾಡುಗಳನ್ನು ಹೋಲುತ್ತವೆಂದು ಅವನು ಆಶ್ಚರ್ಯಪಟ್ಟಿದ್ದಾನೆ. ಇನ್ನೂ ಮಗುಚಿದೆನು. ಒಂದು ಮಂಟಪದ ಚಿತ್ರ. ಕಂಬಗಳು ಐದು. ಕೆಳಗೆ ಗುರುಸಂಕೇರಿ ಎಂದು ಅಚ್ಚಾಗಿತ್ತು.

ಹೆಸರು ಯಾವುದೋ ಅನ್ಯವಾದದ್ದು. ಆದರೆ ಕಂಬಗಳು ಅನ್ಯವಾಗಿರಲಿಲ್ಲ. ಶಾಲೆಯಿಂದ ಬರುವಾಗ ಚೀಲವನ್ನು ಒರಗಿಸಿ ನಾವು ಕಣ್ಣುಮುಚ್ಚಾಲೆ ಆಡುತ್ತಿದ್ದ ಕಂಬಗಳು. ನಮ್ಮ ಬಸದಿಯ ಮುಂದಣ ಮಂಟಪ. ಗುರುವಾಯನಕೆರೆಯೆಂಬುದೇ ಆ ಸಾಹೇಬರ ಕಿವಿಯಲ್ಲಿ ಗುರುಸಂಕೇರಿಯಾಗಿತ್ತು. ನಾನು ಹುಟ್ಟುವುದಕ್ಕೆ ನೂರು ವರ್ಷಗಳಿಗೂ ಹಿಂದೆ, ನಮ್ಮ ಊರಿನ ಮಂಟಪ ಈ ಊರಿಗೆ ಬಂದು ಪುಸ್ತಕದಲ್ಲಿ ಕುಳಿತಿತ್ತು. ನಾವು ದಿನವೂ ಹಾದುಹೋಗುತ್ತ ತಿರುಗಿ ನೋಡದ ಕಲ್ಲನ್ನು, ಸಾವಿರಾರು ಮೈಲಿ ಆಚೆಯವನೊಬ್ಬ ಕಂಬ ಎಣಿಸಿ ಬರೆದಿಟ್ಟಿದ್ದನು. ಯಜಮಾನರು ಮೇಲಿನಿಂದ ಕೂಗಿ, ಪುಟವೇನಾದರೂ ಕಾಣೆಯಾಗಿದೆಯೇ, ಎಂದು ಕೇಳಿದರು. ಇಲ್ಲವೆಂದೆನು. ಎಣಿಕೆ ತಪ್ಪಿಹೋಗಿತ್ತು, ಮೊದಲಿನಿಂದ ಮತ್ತೆ ಎಣಿಸಿದೆನು.

ಆ ರಾತ್ರಿ ಮನೆಗೆ ದೂರವಾಣಿ ಮಾಡದೆ ಇರಲು ಆಗಲಿಲ್ಲ. ಚಿತ್ರದ ಸಂಗತಿ ಹೇಳಬೇಕು. ಅದನ್ನು ಹೇಳಿದರೆ ಪುಸ್ತಕ ನನ್ನ ಕೈಗೆ ಹೇಗೆ ಬಂದಿತೆಂದು ಹೇಳಬೇಕು. ಎಲ್ಲವನ್ನೂ ಹೇಳಿದೆನು. ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ. ತಂದೆಯವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಕಂಬ ಎಷ್ಟು ತೋರಿಸಿದ್ದಾರೆ?” ಎಂದರು.

“ಐದು.”

“ಸರಿಯಾಗಿ ಎಣಿಸಿದ್ದಾರೆ. ಸಂಬಳ ಎಷ್ಟು?”

ಅದನ್ನೂ ಹೇಳಿದೆನು.

“ಹೊಟ್ಟೆಗೆ ಸಾಕಾಗುತ್ತದೋ?”

“ಸಾಕಾಗುತ್ತದೆ. ಕಂತಿಗೆ ಸಾಕಾಗುವುದಿಲ್ಲ.”

“ಅದು ನನಗೆ ತಿಳಿದದ್ದೇ. ನಾಲ್ಕು ತಿಂಗಳಿಂದ ಕಟ್ಟುತ್ತಿರುವವನು ನಾನಲ್ಲವೇ? ಕೇಳಿದವರಿಗೆ ಇನ್ನು ಏನು ಹೇಳಲಿ, ಅದನ್ನು ಹೇಳು.”

ನನ್ನ ಬಳಿ ಉತ್ತರವಿರಲಿಲ್ಲ. ಅಡಕೆಗೆ ಬೆಲೆಯಿಲ್ಲದ ಕಾಲದಲ್ಲಿ ಅವರು ಯಾವುದನ್ನು ಮಾರಿ ಕಂತು ಕಟ್ಟಿದರೆಂದು ನಾನು ಕೇಳಲಿಲ್ಲ. ಊರಿಗೆ ಹಿಂದಿರುಗಿದ ಮೇಲೆ ತಾಯಿಯ ಕೈಗಳನ್ನು ನೋಡಿ ತಿಳಿದುಕೊಂಡೆನು.

ಆ ಗ್ರಂಥದ ಬೆಲೆ ನನ್ನ ಎರಡು ವಾರದ ಸಂಬಳಕ್ಕಿಂತ ಹೆಚ್ಚಾಗಿತ್ತು. ನಾನು ಕೊಳ್ಳುವಂತಿರಲಿಲ್ಲ. ಒಂದು ತಿಂಗಳೊಳಗೆ ಯಾರೋ ಕೊಂಡರು; ಕಂದು ಕಾಗದದಲ್ಲಿ ಸುತ್ತಿ ಹುರಿ ಬಿಗಿದವನು ನಾನೇ. ಅದಕ್ಕೆ ಮೊದಲು ಯಜಮಾನರು ಆ ಒಂದು ಪುಟದ ನೆರಳಚ್ಚು ತೆಗೆಯಲು ಅನುಮತಿ ಕೊಟ್ಟರು. ಅದನ್ನು ಲಕೋಟೆಯಲ್ಲಿ ಹಾಕಿ ತಂದೆಯವರಿಗೆ ಕಳುಹಿಸಿದೆನು. ಅವರು ಅದನ್ನು ಕಿಸೆಯಲ್ಲಿ ಇಟ್ಟುಕೊಂಡು ಬಸದಿಯ ಮುಂದೆ ಹೋಗಿ ನಿಂತು ಒಂದೊಂದು ಕಂಬವನ್ನೂ ಹೋಲಿಸಿ ನೋಡಿದರಂತೆ. ಆಮೇಲೆ, ಮಗ ಏನು ಮಾಡುತ್ತಾನೆ ಎಂದು ಕೇಳಿದವರಿಗೆ ಅವರು ಆ ಕಾಗದವನ್ನು ಬಿಡಿಸಿ ತೋರಿಸಿ, “ಇಂಥ ಪುಸ್ತಕಗಳಿರುವ ಅಂಗಡಿಯಲ್ಲಿ ಇದ್ದಾನೆ” ಎಂದು ಹೇಳುತ್ತಿದ್ದರು. ನನಗೆ ಹೊಳೆಯದ ಉತ್ತರವನ್ನು ಅವರೇ ಕಂಡುಕೊಂಡರು.

ಪುಸ್ತಕದ ಅಂಗಡಿಯ ಚಾಕರಿ ಪುಸ್ತಕದ ಮೇಲಿನ ಪ್ರೀತಿಯನ್ನು ಕೊಲ್ಲುವುದೆಂದು ಹೇಳಿದವರುಂಟು. ಜಾರ್ಜ್ ಆರ್ವೆಲ್ ಎಂಬ ಪ್ರಸಿದ್ಧ ಲೇಖಕನು ೧೯೩೪ರಿಂದ ೧೯೩೬ರ ಮೊದಲವರೆಗೆ ಲಂಡನ್ನಿನ ಹ್ಯಾಂಪ್‌ಸ್ಟೆಡ್ ಭಾಗದಲ್ಲಿ ಇಂಥದೇ ಅಂಗಡಿಯಲ್ಲಿ ಅರೆಹೊತ್ತಿನ ಕೆಲಸ ಮಾಡಿದನು. ರಾಶಿ ರಾಶಿ ಪುಸ್ತಕಗಳ ನಡುವೆ ತನಗೆ ಅವುಗಳ ಮೇಲಿನ ಮೋಹ ಹೋಯಿತೆಂದು ಆಮೇಲೆ ಬರೆದನು. ಆತನ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಧೂಳು ಮೂಗಿಗೆ ಹೋದ ದಿವಸ ನನಗೂ ಹಾಗೆ ಅನ್ನಿಸಿದ್ದುಂಟು. ಆದರೆ ಅದೇ ಚಾಕರಿಯಿಂದ ಬಾಳನ್ನೇ ಕಟ್ಟಿಕೊಂಡವರೂ ಇದ್ದಾರೆ. ಅವರನ್ನು ನೋಡಲು ಲಂಡನ್ನಿಗೆ ಹೋಗಬೇಕಾಗಿಲ್ಲ.

ಮುಂಬಯಿಯಲ್ಲಿ ಟಿ. ಎನ್. ಶಾನಭಾಗರು ೧೯೪೮ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದ ಅಂಗಳದಲ್ಲಿ ಒಂದು ಪುಟ್ಟ ಪುಸ್ತಕದ ಕಟ್ಟೆಯನ್ನು ತೆರೆದರು. ವಿದ್ಯಾರ್ಥಿಯಾಗಿದ್ದಾಗ ಒಂದು ಅಂಗಡಿಯಲ್ಲಿ ಪುಸ್ತಕವನ್ನು ತಿರುವಿ ನೋಡಿದುದಕ್ಕೆ ಗದರಿಸಿಕೊಂಡು ಹೊರಬಂದರೆಂದೂ, ಯಾರು ಬೇಕಾದರೂ ಮುಟ್ಟಿ ನೋಡಬಹುದಾದ ಅಂಗಡಿಯನ್ನು ತಾನು ಇಡಬೇಕೆಂದು ಅಂದೇ ನಿಶ್ಚಯಿಸಿದರೆಂದೂ ಅವರ ಕಥೆ. ಆ ಕಟ್ಟೆ ಬೆಳೆದು ಕೋಟೆಯ ಪೇಟೆಗೆ ಹೋಗಿ, ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಎಂದು ದೇಶಕ್ಕೆಲ್ಲ ಹೆಸರಾಯಿತು. ೨೦೦೩ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಪುಸ್ತಕ ಮಾರುವವನಿಗೆ ಅಂಥ ಗೌರವ ದೊರೆಯುವುದು ಅಪರೂಪ. ೨೦೦೯ರಲ್ಲಿ ಅವರು ತೀರಿಕೊಂಡರು. ಅಂಗಡಿ ೨೦೧೮ರವರೆಗೆ ನಡೆದು ಮುಚ್ಚಿತು.

ಅವರ ಅಂಗಡಿಯಲ್ಲಿ ಕೆಲಸ ಕಲಿತ ಸಂಬಂಧಿಕರೊಬ್ಬರಿದ್ದರು: ಟಿ. ಎಸ್. ಶಾನಭಾಗರು. ಇವರು ಬೆಂಗಳೂರಿಗೆ ಬಂದು ೧೯೭೧ರಲ್ಲಿ ಪ್ರೀಮಿಯರ್ ಬುಕ್ ಶಾಪನ್ನು ತೆರೆದರು. ಬೆಂಗಳೂರಿನ ಓದುಗರಲ್ಲಿ ಅನೇಕರಿಗೆ ಆ ಅಂಗಡಿ ನೆನಪಿರಬಹುದು. ನೆಲದಿಂದ ಮಾಡಿನವರೆಗೆ ಪುಸ್ತಕದ ಗೋಪುರಗಳು. ನಡುವೆ ಒಬ್ಬರು ಮಾತ್ರ ನುಸುಳುವಷ್ಟು ದಾರಿ. ಕೇಳಿದ ಪುಸ್ತಕ ಯಾವ ಗೋಪುರದ ಎಷ್ಟನೆಯ ಮಹಡಿಯಲ್ಲಿದೆಯೆಂಬುದು ಅವರೊಬ್ಬರಿಗೆ ಗೊತ್ತು. ೨೦೦೭ರಲ್ಲಿ ಹಿಂದಿರುಗಿ ಬೆಂಗಳೂರಿಗೆ ಬಂದ ಮೇಲೆ ನಾನು ಅಲ್ಲಿಗೆ ಹೋಗುತ್ತಿದ್ದೆನು. ಕೊಳ್ಳುವ ಶಕ್ತಿಯಿಲ್ಲದೆ ಒಂದು ಗಂಟೆ ನಿಂತು ಓದಿದರೂ ಯಾರೂ ಏಳಿಸುತ್ತಿರಲಿಲ್ಲ. ೨೦೦೯ರಲ್ಲಿ ಆ ಅಂಗಡಿಯೂ ಮುಚ್ಚಿತು. ೨೦೨೧ರಲ್ಲಿ ಶಾನಭಾಗರು ಗತಿಸಿದಾಗ ಊರಿನ ಓದುಗರು ಮನೆಯ ಹಿರಿಯರನ್ನು ಕಳೆದುಕೊಂಡವರಂತೆ ದುಃಖಿಸಿದರು. ಅಂಗಡಿಗಳೆರಡೂ ಈಗ ಇಲ್ಲ. ಆದರೆ ಒಬ್ಬರ ಅಂಗಡಿಯಲ್ಲಿ ಪುಸ್ತಕ ಹೊತ್ತು ಕಲಿತುದು ಇನ್ನೊಂದು ಊರಿಗೆ ನಾಲ್ಕು ದಶಕದ ವಿದ್ಯಾದಾನವಾಯಿತೆಂಬುದು ಸುಳ್ಳಾಗುವುದಿಲ್ಲ.

ನಾನು ಅಂಗಡಿಯನ್ನೇನೂ ತೆರೆಯಲಿಲ್ಲ. ಗ್ರಂಥಾಲಯಶಾಸ್ತ್ರವನ್ನು ಓದಿ, ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದೆನು. ತೋಟದ ಮೇಲಿನ ಸಾಲ ಪೂರ್ಣವಾಗಿ ತೀರಿದುದು ೨೦೧೪ರಲ್ಲಿ. ಎರಡು ವರ್ಷವೆಂದು ಹಾಳೆಯ ಮೇಲೆ ಬರೆದುದು ಒಂಬತ್ತು ವರ್ಷವಾಯಿತು. ಇದನ್ನು ಮರೆಮಾಚಿ ಪುಸ್ತಕದ ಅಂಗಡಿಯ ಸೊಗಸನ್ನು ಮಾತ್ರ ಹೇಳಿದರೆ, ಮುಂಬಯಿಯ ಹಳೆಯ ಕಾಗದಗಳ ತಪ್ಪನ್ನೇ ನಾನೂ ಮಾಡಿದಂತಾಗುವುದು. ಆದುದರಿಂದ, ಮಕ್ಕಳನ್ನು ಪರದೇಶಕ್ಕೆ ಕಳುಹಿಸುವ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ಹೊರಡುವ ಮುನ್ನ ವರಮಾನವನ್ನೂ ಖರ್ಚನ್ನೂ ಒಂದೇ ನಾಣ್ಯದಲ್ಲಿ ಬರೆಯಿಸಿ. ವಾರಕ್ಕೆ ಎಷ್ಟು ಗಂಟೆ ಕೆಲಸಕ್ಕೆ ಅನುಮತಿಯೆಂದು ಮೊದಲೇ ವಿಚಾರಿಸಿ. ಅರೆಹೊತ್ತಿನ ಚಾಕರಿ ಹೊಟ್ಟೆಯನ್ನು ಹೊರೆಯಬಲ್ಲುದು, ಸಾಲವನ್ನು ಹೊರಲಾರದು, ಎಂಬುದನ್ನು ಮನಸ್ಸಿನಲ್ಲಿಡಿ. ಮತ್ತು ಹುಡುಗನು ದೂರದಿಂದ ಕೆಲಸ ಸಿಕ್ಕಿತೆಂದಾಗ, ಯಾವ ಕೆಲಸವೆಂದು ಕೇಳಿ. ಏನು ಹೇಳಿದರೂ ಮರ್ಯಾದೆಗೆ ಕುಂದಿಲ್ಲವೆಂದು ಅವನಿಗೆ ತೋರುವಂತೆ ಕೇಳಿ. ಹಾಗೆ ಕೇಳಿದ್ದರೆ ನಾಲ್ಕು ತಿಂಗಳ ಸುಳ್ಳಿನ ಭಾರ ನಮ್ಮ ಮನೆಯಲ್ಲಿ ಇಬ್ಬರಿಗೂ ತಪ್ಪುತ್ತಿತ್ತು.

ಈಗ ತಂದೆಯವರಿಲ್ಲ. ಅವರ ಲೆಕ್ಕದ ಪುಸ್ತಕವನ್ನು ತೆಗೆದು ನೋಡಿದಾಗ, ಬ್ಯಾಂಕಿನ ರಸೀತಿಗಳ ನಡುವೆ ಆ ನೆರಳಚ್ಚು ಸಿಕ್ಕಿತು. ಮಡಿಕೆಗಳಲ್ಲಿ ಹರಿದಿತ್ತು. ಗುರುಸಂಕೇರಿ ಎಂಬ ಹೆಸರಿನ ಮೇಲೆ ಅವರು ಒಂದು ಗೆರೆ ಎಳೆದು, ಪಕ್ಕದಲ್ಲಿ ಕನ್ನಡದಲ್ಲಿ ದುಂಡಾಗಿ ಗುರುವಾಯನಕೆರೆ ಎಂದು ತಿದ್ದಿದ್ದರು. ಸೀಸದ ಕಡ್ಡಿಯಲ್ಲಿ.